ಚೊಚ್ಚಲ ಮಕ್ಕಳ ಪುಸ್ತಕವೂ ಶಾಲೆಯ ಬಾಗಿಲೂ

ಅಚ್ಚಿನ ಮನೆಯಿಂದ ಹೊರಬಿದ್ದ ಪುಸ್ತಕವನ್ನು ‘ಪ್ರಕಟವಾಯಿತು’ ಎನ್ನುವ ರೂಢಿ ನಮ್ಮಲ್ಲಿ ಬೇರೂರಿದೆ. ಶಬ್ದಾರ್ಥವನ್ನು ಹಿಡಿದು ನೋಡುವುದಾದರೆ ಇದು ಅರ್ಧಸತ್ಯವೇ ಸರಿ. ಪ್ರಕಟವೆಂದರೆ ಮರೆಯಿಂದ ಬೆಳಕಿಗೆ ಬಂದುದು, ಹತ್ತು ಜನರ ಅನುಭವಕ್ಕೆ ನಿಲುಕಿದುದು. ಒಂದು ಸಾವಿರ ಪ್ರತಿ ಅಚ್ಚಾಗಿ, ಹತ್ತಿಪ್ಪತ್ತು ಬಂಧುಮಿತ್ರರ ಕೈಸೇರಿ, ಉಳಿದವು ಕಟ್ಟು ಬಿಚ್ಚದೆ ಲೇಖಕನ ಮಂಚದ ಕೆಳಗೆ ಧೂಳು ಹಿಡಿಯುತ್ತಿದ್ದರೆ ಆ ಪುಸ್ತಕ ಪ್ರಕಟವಾಯಿತೆನ್ನುವುದಕ್ಕಿಂತ ಅಡಗಿತೆನ್ನುವುದೇ ಮೇಲು. ದೊಡ್ಡವರಿಗಾಗಿ ಬರೆದ ಪುಸ್ತಕಕ್ಕೆ ಈ ಗತಿ ಬಂದರೂ ಪತ್ರಿಕೆಯ ವಿಮರ್ಶೆ, ಗೋಷ್ಠಿ, ಪ್ರಶಸ್ತಿ ಮುಂತಾದ ಒಂದೆರಡು ಆಸರೆಗಳುಂಟು. ಹೆಸರು ಕೇಳದ ಲೇಖಕನೊಬ್ಬ ಮಕ್ಕಳಿಗಾಗಿ ಬರೆದ ಮೊದಲ ಪುಸ್ತಕಕ್ಕೆ ಅವಾವುವೂ ಇಲ್ಲ. ಅದನ್ನು ಓದಬೇಕಾದವರು ಪುಸ್ತಕದ ಅಂಗಡಿಗೆ ಹೋಗುವವರಲ್ಲ, ವಿಮರ್ಶೆಯನ್ನು ಓದುವವರಲ್ಲ, ಕೈಯಲ್ಲಿ ಕಾಸುಳ್ಳವರೂ ಅಲ್ಲ. ಅವರು ಒಟ್ಟಾಗಿ ದೊರೆಯುವ ಸ್ಥಳ ಶಾಲೆಯೊಂದೇ.

ಆದಕಾರಣ ಇಂಥ ಲೇಖಕನು ಶಾಲೆಯ ಬಾಗಿಲನ್ನು ತಟ್ಟುವುದು ಸಹಜವೂ ಉಚಿತವೂ ಆದ ಕಾರ್ಯವಾಗಿದೆ. ವಿಚಾರ ಮಾಡಬೇಕಾದುದು ಬಾಗಿಲು ತೆರೆದ ಮೇಲೆ ಒಳಗೆ ನಡೆಯುವ ವಿಧಿಯನ್ನು ಕುರಿತು. ಈಚೆಗೆ ಹಲವೆಡೆ ಅದು ನಡೆಯುವ ಬಗೆ ಹೀಗಿದೆ: ಹಿಂದಿನ ದಿನವೇ ಮುಖ್ಯೋಪಾಧ್ಯಾಯರ ಸೂಚನೆ ತರಗತಿಗಳಿಗೆ ಹೋಗುತ್ತದೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ನಾಳೆ ಬರುವಾಗ 50 ರೂಪಾಯಿ ತರತಕ್ಕದ್ದು ಎಂದು. ಮರುದಿನ ನಾನೂರು ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಲಾಗುತ್ತದೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ. ಆ ಬಳಿಕ ಮೂವರು ಗಣ್ಯರ ಭಾಷಣ. ಬಿಸಿಲೇರಿದ ಮೇಲೆ ಲೇಖಕನ ಸರದಿ ಬರುತ್ತದೆ. ಅವನು ತನ್ನ ಬಾಲ್ಯದ ಕಷ್ಟಗಳನ್ನು ಹತ್ತು ನಿಮಿಷ ವರ್ಣಿಸಿ, ಓದುವ ಅಭ್ಯಾಸದ ಮಹಿಮೆಯನ್ನು ಐದು ನಿಮಿಷ ಕೊಂಡಾಡಿ ಕುಳಿತುಕೊಳ್ಳುತ್ತಾನೆ. ಯಾವ ಪುಸ್ತಕದ ನಿಮಿತ್ತವಾಗಿ ಇಷ್ಟೆಲ್ಲ ನಡೆಯಿತೋ ಅದರ ಒಂದು ಪುಟವೂ ಓದಲ್ಪಡುವುದಿಲ್ಲ. ವಂದನಾರ್ಪಣೆಯ ತರುವಾಯ ಮೇಜಿನ ಬಳಿ ಸಾಲು. ಹಣ ತಂದವರಿಗೆ ಹಸ್ತಾಕ್ಷರ ಸಹಿತವಾದ ಪ್ರತಿ ದೊರೆಯುತ್ತದೆ. ತರದವರು ಗೋಡೆಯ ಬಳಿ ನಿಂತು ನೋಡುತ್ತಾರೆ.

ಆ ಗೋಡೆಯ ಬಳಿ ನಿಂತವರಲ್ಲಿಯೇ ಈ ಪ್ರಶ್ನೆಯ ತಿರುಳಿದೆ. ಕೂಲಿಗೆ ಹೋಗುವ ತಾಯಿಯ ಬಳಿ ಹಿಂದಿನ ರಾತ್ರಿ ಹಣ ಕೇಳಿ ಬೈಸಿಕೊಂಡು ಬಂದ ಮಗುವೊಂದು ಅಲ್ಲಿರುತ್ತದೆ. ಗೆಳೆಯನ ಕೈಯಲ್ಲಿರುವ ಪುಸ್ತಕದ ರಟ್ಟನ್ನು ಅದು ಬೆರಳಿನಿಂದ ಮುಟ್ಟಿ ನೋಡುತ್ತದೆ. ಪುಸ್ತಕವೆಂಬುದು ಉಳ್ಳವರ ಸೊತ್ತು ಎಂಬ ಪಾಠವನ್ನು ಅಂದು ಶಾಲೆಯೇ ಆ ಮಗುವಿಗೆ ಕಲಿಸಿದಂತಾಯಿತು. ಯಾವ ಲೇಖಕನೂ ಈ ಪಾಠವನ್ನು ಕಲಿಸುವ ಉದ್ದೇಶದಿಂದ ಬಂದಿರಲಾರ. ಆದರೆ ಪರಿಣಾಮವನ್ನು ಉದ್ದೇಶವು ಅಳಿಸಲಾರದು.

ಲೇಖಕನ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ಅವನು ಬಹುಶಃ ಒಬ್ಬ ಉಪಾಧ್ಯಾಯ. ಸಂಬಳದ ಹಣವನ್ನೋ ಸಹಕಾರ ಸಂಘದ ಸಾಲವನ್ನೋ ಅಚ್ಚಿನ ಮನೆಗೆ ಸುರಿದಿರುತ್ತಾನೆ. ಚಿತ್ರಗಳಿರುವ ಪುಸ್ತಕವಾದರೆ ಚಿತ್ರಕಾರನಿಗೂ ಕೊಡಬೇಕು, ಬಣ್ಣದ ಮುದ್ರಣಕ್ಕೂ ತೆರಬೇಕು. ತನ್ನ ಪುಸ್ತಕವನ್ನು ತಾನೇ ಹೊತ್ತು ಮಾರುವುದು ಕನ್ನಡದಲ್ಲಿ ಅಪಮಾನದ ಕೆಲಸವೂ ಅಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿದರೆಂಬುದು ನಾಡಿಗೇ ಗೊತ್ತಿರುವ ಸಂಗತಿ. ಜಿ. ಪಿ. ರಾಜರತ್ನಂ ಅವರೂ ಪುಸ್ತಕಗಳನ್ನು ತಾವೇ ಪ್ರಕಟಿಸಿ ತಾವೇ ಮಾರಿದವರು. 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದ ಹಿರಿಯರ ಹೆಗಲಿಗೆ ಪುಸ್ತಕದ ಚೀಲ ಭಾರವೆನಿಸಿರಲಿಲ್ಲ. ಆದರೆ ಬೇಕಾದರೆ ಕೊಳ್ಳುವ, ಬೇಡವಾದರೆ ತಲೆಯಲ್ಲಾಡಿಸುವ ಸ್ವಾತಂತ್ರ್ಯವುಳ್ಳ ಹಿರಿಯರ ಮುಂದೆ ಗಂಟು ಬಿಚ್ಚುವುದು ಬೇರೆ. ಗುರುಗಳ ಅಪ್ಪಣೆಗೆ ಅಂಜಿ ಕೂತ ಮಕ್ಕಳ ಮುಂದೆ ಬಿಚ್ಚುವುದು ಬೇರೆ. ಮೊದಲನೆಯದು ವ್ಯಾಪಾರ, ಎರಡನೆಯದು ವಸೂಲಿ.

ಹಾಗಾದರೆ ಲೇಖಕನು ಶಾಲೆಗೆ ಬಂದು ಮಾಡತಕ್ಕದ್ದೇನು? ಓದತಕ್ಕದ್ದು. ಇದು ಹೊಸ ಮಾತಲ್ಲ. ಅಚ್ಚಿನ ಯಂತ್ರ ಈ ನಾಡನ್ನು ಕಾಣುವ ಮೊದಲು ಕುಮಾರವ್ಯಾಸನ ಭಾರತವಾಗಲಿ, ಲಕ್ಷ್ಮೀಶನ ಜೈಮಿನಿಯಾಗಲಿ, ಚಾಮರಸನ ಪ್ರಭುಲಿಂಗಲೀಲೆಯಾಗಲಿ ಜನರನ್ನು ಮುಟ್ಟಿದ್ದು ವಾಚನದ ಮೂಲಕ. ಊರಿಗೊಂದು ಓಲೆಯ ಕಟ್ಟು, ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಕೇಳುವವರು ನೂರು ಜನ. ಅಕ್ಷರವನ್ನೇ ಅರಿಯದ ಒಕ್ಕಲಿಗನ ನಾಲಗೆಯ ಮೇಲೆ ಷಟ್ಪದಿಗಳು ನಲಿಯುತ್ತಿದ್ದುದಕ್ಕೆ ಇದೇ ಕಾರಣ. ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ಹಚ್ಚುವ ಪದ್ಧತಿ ಇಂದಿಗೂ ಉಳಿದಿದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಗಮಕದ ಪರಂಪರೆ ಇಂದಿಗೂ ಜೀವಂತವಾಗಿದೆ. ಕಿವಿಯ ಮೂಲಕ ಒಳಹೊಕ್ಕ ಕಾವ್ಯವನ್ನು ಆಮೇಲೆ ಕಣ್ಣು ಹುಡುಕಿಕೊಂಡು ಹೋಗುತ್ತದೆ. ಮಕ್ಕಳ ವಿಷಯದಲ್ಲಂತೂ ಈ ಕ್ರಮವನ್ನು ತಲೆಕೆಳಗು ಮಾಡಲು ಬರುವಂತಿಲ್ಲ.

ಮಕ್ಕಳ ಸಾಹಿತ್ಯದ ಹಿರಿಯರನ್ನು ನೋಡಿದರೂ ಇದೇ ಕಾಣುತ್ತದೆ. ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆಯೇ ಬಾಳಿದವರು. ಅವರ ಪದ್ಯಗಳನ್ನು ಬಾಯಿಪಾಠ ಮಾಡಿದ ಮೂರು ತಲೆಮಾರಿನವರಲ್ಲಿ ಎಷ್ಟು ಜನ ಅವರ ಪುಸ್ತಕವನ್ನು ಕೊಂಡಿದ್ದರು? ಮಂಗಳೂರಿನ ಬಾಲ ಸಾಹಿತ್ಯ ಮಂಡಲದ ಚಿಕ್ಕ ಪುಸ್ತಕಗಳಿಗೆ ಮುಂದಾಗಿ ಓಡಿದ್ದು ಅವರ ಧ್ವನಿ. ರಾಜರತ್ನಂ ಅವರು ಎಂ.ಎ. ಮುಗಿಸಿ ಶಿಶುವಿಹಾರದಲ್ಲಿ ಪಾಠ ಹೇಳಲು ನಿಂತಾಗ ಪಠ್ಯದ ಪದ್ಯಗಳು ಎಳೆಯರಿಗೆ ಒಗ್ಗದುದನ್ನು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ ಹುಟ್ಟಿದ್ದು ಹಾಗೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ತಮ್ಮ ‘ದಿವಾಸ್ವಪ್ನ’ದಲ್ಲಿ ಚಿತ್ರಿಸಿರುವ ಉಪಾಧ್ಯಾಯನೂ ಗದ್ದಲದ ತರಗತಿಯನ್ನು ಗೆದ್ದದ್ದು ಕಥೆಯಿಂದಲೇ, ಕಥೆ ಕೇಳಿದ ಮಕ್ಕಳು ಮುಂದೆ ತಾವೇ ಓದಲು ಹೊರಟಾಗ ತರಗತಿಗೊಂದು ಪುಸ್ತಕಸಂಗ್ರಹ ಏರ್ಪಡುತ್ತದೆ. ಮೊದಲು ದನಿ, ಅನಂತರ ಪುಸ್ತಕ.

ವಾಚನವು ಸುಲಭವೆಂದು ತಿಳಿಯುವ ಲೇಖಕನಿಗೆ ಮೊದಲ ಶಾಲೆಯಲ್ಲಿಯೇ ಪೆಟ್ಟು ಬೀಳುತ್ತದೆ. ಇಡೀ ಶಾಲೆಯನ್ನು ಒಟ್ಟುಗೂಡಿಸಿದರೆ ಅದು ಸಭೆಯಾಗುತ್ತದೆ, ವಾಚನವಾಗುವುದಿಲ್ಲ. ನಾಲ್ಕನೆಯ ಅಥವಾ ಐದನೆಯ ತರಗತಿಯ ನಲವತ್ತು ಮಕ್ಕಳು ನೆಲದ ಮೇಲೆ ಅರ್ಧಚಂದ್ರಾಕಾರವಾಗಿ ಕುಳಿತು, ಲೇಖಕನೂ ಅವರ ಮಟ್ಟದಲ್ಲಿಯೇ ಕುಳಿತರೆ ಮೈಕಿನ ಹಂಗಿಲ್ಲ. ಮೈಕು ಇಟ್ಟರೆ ಎಂಥ ಪಿಸುಮಾತೂ ಡಂಗುರವಾಗುತ್ತದೆ. ನಲವತ್ತು ನಿಮಿಷದ ಅವಧಿಯಲ್ಲಿ ಇಪ್ಪತ್ತು ನಿಮಿಷ ಓದಿದರೆ ಸಾಕು, ಉಳಿದುದು ಮಕ್ಕಳದು. ಪುಸ್ತಕದಲ್ಲಿರುವುದನ್ನು ಇದ್ದ ಹಾಗೆ ಓದಬೇಕೇ ವಿನಾ ಸಾರಾಂಶ ಹೇಳಕೂಡದು, ನಡುನಡುವೆ ನೀತಿಯನ್ನು ಬಿಡಿಸಿ ತೋರಿಸಕೂಡದು. ಬಾಳೆಹಣ್ಣನ್ನು ಸುಲಿದು ಕೊಟ್ಟರೆ ಸಂತೋಷಪಡುವ ಮಗು ಕಥೆಯನ್ನು ಸುಲಿದು ಕೊಟ್ಟರೆ ಮುನಿಯುತ್ತದೆ. ಒಂದು ಚಿಕ್ಕ ಕಥೆಯನ್ನು ಪೂರ್ತಿಯಾಗಿ ಓದಿ, ಇನ್ನೊಂದನ್ನು ಕುತೂಹಲದ ಕಟ್ಟಕಡೆಯ ಹಂತದಲ್ಲಿ ನಿಲ್ಲಿಸಿ ಆ ಪುಸ್ತಕವನ್ನು ತರಗತಿಯಲ್ಲಿಯೇ ಬಿಟ್ಟುಹೋಗುವ ಜಾಣನಿಗೆ ಬೇರೆ ಜಾಹೀರಾತು ಬೇಕಾಗದು. ಅಂಗೈಯಗಲದ ಚಿತ್ರ ಮೂರನೆಯ ಸಾಲಿಗೆ ಕಾಣುವುದಿಲ್ಲವೆಂಬ ಸಣ್ಣ ಸಂಗತಿಯನ್ನು ಕೂಡ ಮೊದಲೇ ಯೋಚಿಸಿ, ಒಂದೆರಡು ಚಿತ್ರಗಳನ್ನು ದೊಡ್ಡದಾಗಿ ಬರೆಸಿ ತರುವುದು ಲೇಸು.

ಭಾಷೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಮೈಸೂರಿನ ಲೇಖಕನು ಕಲಬುರಗಿಯ ಹಳ್ಳಿಯಲ್ಲಿ ಕಡಲೆಕಾಯಿಯ ಕಥೆ ಓದಿದರೆ ಹಿಂದಿನ ಸಾಲಿನಿಂದ ‘ಶೇಂಗಾ’ ಎಂಬ ತಿದ್ದುಪಡಿ ಬರುವುದು ನಿಶ್ಚಯ. ಅದನ್ನು ಅವಿಧೇಯತೆಯೆಂದು ಗದರಿಸುವ ಉಪಾಧ್ಯಾಯರೂ ಇದ್ದಾರೆ, ಪಾಪ. ವಸ್ತುತಃ ಆ ಮಗು ಕಥೆಯನ್ನು ತನ್ನ ಹೊಲಕ್ಕೆ ಕರೆದೊಯ್ದಿತೆಂದು ಲೇಖಕನು ಹಿಗ್ಗಬೇಕು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಕ್ಕಳು ತರಗತಿಯಲ್ಲಿರುವುದಾದರೆ ಅದನ್ನು ವರ್ಗದ ಉಪಾಧ್ಯಾಯರು ಅತಿಥಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಅತಿಥಿಯು ಓದಿನ ವೇಗವನ್ನು ಅದಕ್ಕೆ ತಕ್ಕಂತೆ ತಗ್ಗಿಸಿಕೊಳ್ಳತಕ್ಕದ್ದು. ಲೇಖಕನು ತನ್ನ ಪ್ರತಿಯ ಅಂಚಿನಲ್ಲಿ ಒಂದು ಪೆನ್ಸಿಲ್ಲನ್ನು ಇಟ್ಟುಕೊಂಡಿರಲಿ. ತಾನು ಅತ್ಯಂತ ಅಭಿಮಾನದಿಂದ ಬರೆದ ವರ್ಣನೆಯ ಬಳಿ ಮಕ್ಕಳು ಆಕಳಿಸುವುದೂ, ಏನೂ ಇಲ್ಲವೆಂದುಕೊಂಡ ಕಡೆ ಗೊಳ್ಳೆಂದು ನಗುವುದೂ ಅವನಿಗೆ ಯಾವ ವಿಮರ್ಶಕನೂ ಕೊಡಲಾರದ ತಿಳಿವಳಿಕೆ. ಅಂಥ ಗುರುತುಗಳಿಂದ ತುಂಬಿದ ಪ್ರತಿಯೊಂದು ಎರಡನೆಯ ಮುದ್ರಣಕ್ಕೆ ಒಳ್ಳೆಯ ಮೂಲಪ್ರತಿಯಾಗಬಲ್ಲುದು. ವರ್ಗದ ಉಪಾಧ್ಯಾಯರು ಆ ಅವಧಿಯನ್ನು ಬಿಡುವೆಂದು ಭಾವಿಸಿ ಕೊಠಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತರೆ ಮಾತ್ರ ಈ ಶ್ರಮವೆಲ್ಲ ಅರ್ಧಕ್ಕೆ ನಿಲ್ಲುತ್ತದೆ; ಮರುದಿನ ಕಥೆಯನ್ನು ಮುಂದುವರಿಸಬೇಕಾದವರು ಅವರೇ.

ಕಾಲವನ್ನು ಅರಿತು ಬರುವುದೂ ಮುಖ್ಯ. ಆಂಡರ್ಸನ್ನನ ಜನ್ಮದಿನವಾದ ಏಪ್ರಿಲ್ 2ನ್ನು ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವೆಂದು 1967ರಿಂದ ಆಚರಿಸುತ್ತಿದ್ದಾರೆ. ನಮ್ಮ ಶಾಲೆಗಳಿಗೆ ಅದು ಪರೀಕ್ಷೆಯ ಬೇಗೆಯ ಕಾಲ. ಜೂನ್ ಪ್ರವೇಶದ ಗಲಾಟೆಯಲ್ಲಿ ಕಳೆಯುತ್ತದೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ ನಮಗೆ ಒಗ್ಗುತ್ತದೆ: ಹೊರಗೆ ಹಿತವಾದ ಬಿಸಿಲು, ಒಳಗೆ ಅರ್ಧವಾರ್ಷಿಕದ ಭಾರ ಇಳಿದ ಮನಸ್ಸು. ಸ್ಥಳವಾದರೂ ಶಾಲೆಯ ಕೊಠಡಿಯೇ ಆಗಬೇಕೆಂದಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಇಪ್ಪತ್ತು ಮಕ್ಕಳು ಸೇರಿದರೂ ಅದು ಒಳ್ಳೆಯ ಕೂಟ. ಆದರೆ ಇವೆಲ್ಲಕ್ಕಿಂತ ಮಿಗಿಲಾದ ಸ್ಥಳವೊಂದು ನಮ್ಮ ಮಠಗಳ ಬಳಿ ಇದೆ, ಅದನ್ನು ಯಾರೂ ಎಣಿಸಿದಂತಿಲ್ಲ. ಅದು ಪ್ರಸಾದನಿಲಯದ ಸಂಜೆ. ಸಾಮೂಹಿಕ ಪ್ರಾರ್ಥನೆ ಮುಗಿದು ಪ್ರಸಾದದ ಗಂಟೆ ಹೊಡೆಯುವವರೆಗಿನ ಆ ಅರ್ಧ ಗಂಟೆಯಲ್ಲಿ ಹತ್ತು ವರ್ಷದ ಹುಡುಗನಿಗೆ ಮನೆ ನೆನಪಾಗುತ್ತದೆ. ಕಥೆ ಹೇಳುವ ಅಜ್ಜಿ ನೂರು ಮೈಲಿ ದೂರದಲ್ಲಿದ್ದಾಳೆ. ಆ ಹೊತ್ತಿನಲ್ಲಿ ಒಂದು ಹೊಸ ಪುಸ್ತಕದ ಓದು ಆ ಮಗುವಿಗೆ ಏನಾಗಬಹುದೆಂಬುದನ್ನು ನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಇನ್ನು ಹಣದ ಮಾತು. ಮಕ್ಕಳಿಂದ ವಸೂಲಿ ಕೂಡದೆಂದ ಮೇಲೆ ಲೇಖಕನ ಸಾಲ ತೀರುವ ದಾರಿಯನ್ನು ತೋರಿಸುವ ಹೊಣೆಯೂ ಹಾಗೆ ಹೇಳಿದವರ ಮೇಲೆ ಬರುತ್ತದೆ. 70 ರೂಪಾಯಿ ಬೆಲೆಯ ಪುಸ್ತಕದ 10 ಪ್ರತಿಗೆ 700 ರೂಪಾಯಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ ಇವುಗಳ ವೆಚ್ಚ ಅದಕ್ಕೆ ಕಡಿಮೆಯಾಗಲಾರದು. ಲೇಖಕನ ಮನೆಯಲ್ಲಿ ಶಾಲುಗಳಿಗೆ ಸ್ಥಳವೂ ಇರಲಾರದು. ಹಿರಿಯರ ಪುಣ್ಯಸ್ಮರಣೆಗೆಂದು ದಾಸೋಹಕ್ಕೆ ಅಕ್ಕಿಬೇಳೆ ಕಳುಹಿಸುವ ದಾನಿಗಳು ಅದರ ಜೊತೆಗೆ ಹತ್ತು ಪ್ರತಿಗಳ ಬೆಲೆಯನ್ನು ಶಾಲೆಯ ಹೆಸರಿಗೆ ಬರೆದರೆ, ಇಪ್ಪತ್ತು ಶಾಲೆಗಳಲ್ಲಿ 200 ಪ್ರತಿಗಳು ಯಾವ ಮಗುವಿನ ಜೇಬನ್ನೂ ಮುಟ್ಟದೆ ಸಲ್ಲುತ್ತವೆ. ಒಂದೇ ಪ್ರತಿ ಕೊಂಡು ಮುಗಿಸುವುದರಿಂದ ಪ್ರಯೋಜನವಿಲ್ಲ. ಅದು ಗಾಜಿನ ಬೀರುವನ್ನು ಸೇರುತ್ತದೆ, ಬೀರುವಿನ ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಸೆಳೆಖಾನೆಯನ್ನು ಸೇರುತ್ತದೆ. ಹತ್ತು ಪ್ರತಿಗಳಿದ್ದರೆ ನಾಲ್ಕು ಹರಿದರೂ ಚಿಂತೆಯಿಲ್ಲ. ಹರಿದ ಪುಸ್ತಕವನ್ನು ಓದಲ್ಪಟ್ಟ ಪುಸ್ತಕವೆಂದು ಲೆಕ್ಕಕ್ಕೆ ಹಿಡಿಯುವ ಒಂದು ನಿಯಮವನ್ನು ಆಡಳಿತ ಮಂಡಳಿಯವರು ಮಾಡಿದರೆ ಉಪಾಧ್ಯಾಯರ ಅಂಜಿಕೆಯೂ ತಪ್ಪೀತು. ತಾನಾಗಿ ಕೊಳ್ಳಬಯಸುವ ತಂದೆತಾಯಿಗಳಿಗಾಗಿ ವಾರ್ಷಿಕೋತ್ಸವದ ದಿನ, ಜಾತ್ರೆಯ ದಿನ, ಮಠದ ಅಂಗಳದಲ್ಲಿ ಲೇಖಕನು ಮೇಜು ಹಾಕಿ ಕೂರಲಿ. ಅಲ್ಲಿ ಗಂಟು ಬಿಚ್ಚುವುದಕ್ಕೆ ಯಾರ ಆಕ್ಷೇಪವೂ ಇರಬೇಕಾದುದಿಲ್ಲ.

ಹೀಗೆ ಬರಮಾಡಿಕೊಳ್ಳುವ ಶಾಲೆಯು ಲೇಖಕನ ಬಸ್ಸಿನ ಖರ್ಚನ್ನು ಅವನು ಕೇಳುವ ಮೊದಲೇ ಲಕೋಟೆಯಲ್ಲಿಟ್ಟು ಕೊಡತಕ್ಕದ್ದು. ಮಧ್ಯಾಹ್ನದ ಊಟಕ್ಕೆ ಅವನನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಕರೆದೊಯ್ಯದೆ ಮಕ್ಕಳ ಪಂಕ್ತಿಯಲ್ಲಿಯೇ ಕೂರಿಸುವುದು ಒಳಿತು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ತಟ್ಟೆಯ ಮುಂದೆ ಕುಳಿತಾಗ, ಆ ಕಥೆಯ ಕರು ಆಮೇಲೆ ಮನೆಗೆ ಬಂತೇ ಇಲ್ಲವೇ ಎಂದು ಕೇಳುತ್ತಾರೆ.