ಬೆಳ್ಳಾವಿ ನೀರಿಗೂ ನಮ್ಮ ಲ್ಯಾಬಿನ ಬೀಗ ತೆಗೀಲಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯನ ಊರು ಬೆಳ್ಳಾವಿಗೆ ಹೋಗಿದ್ವಿ. ಅವನ ಅಜ್ಜಿ ಎಳನೀರು ಕೊಟ್ಟು, ತೋಟದ ಬೋರ್‌ವೆಲ್ ಕಡೆ ಕೈ ತೋರಿಸಿ ಕೇಳಿದ್ರು: "ಇಂಜಿನಿಯರ್ ಓದ್ತೀರಲ್ರಪ್ಪಾ, ಈ ನೀರು ಕುಡೀಬೌದಾ?"

ಉತ್ತರ ಗೊತ್ತಿರಲಿಲ್ಲ. ಬೋರ್‌ವೆಲ್‌ದು ಒಂದು, ಕೆರೇದು ಒಂದು ಬಾಟಲಿ ತುಂಬಿಕೊಂಡು ಬಸ್ ಹತ್ತಿದ್ವಿ. ಕಾಲೇಜಿಗೆ ಬಂದರೆ ಲ್ಯಾಬಿಗೆ ಬೀಗ. ರಜೆ ಮುಗಿದ ಮೇಲೆ ಕೇಳಿದರೆ, ಸಿಲಬಸ್ಸಿನ ಪ್ರಯೋಗಕ್ಕಷ್ಟೇ ಕೆಮಿಕಲ್ ಇದೆ ಅನ್ನೋ ಮಾತು. ಕೆರೆ ನೀರಿನ ಬಾಟಲಿ ಹಾಸ್ಟೆಲ್ ಕಿಟಕಿಯಲ್ಲಿ ಹಸಿರುಗಟ್ಟಿತು.

ತಪ್ಪು ನಮ್ಮದೂ ಇತ್ತು. ನೈಟ್ರೇಟ್ ನೋಡಬೇಕಾದ ನೀರನ್ನು 4 ಡಿಗ್ರಿ ತಂಪಿನಲ್ಲಿಟ್ಟು ಎರಡು ದಿನದೊಳಗೆ ಪರೀಕ್ಷಿಸಬೇಕು. ಕರಗಿದ ಆಮ್ಲಜನಕವನ್ನಂತೂ ದಡದಲ್ಲೇ ಅಳೆಯಬೇಕು, ಇಲ್ಲವೇ ಅಲ್ಲೇ ರಾಸಾಯನಿಕ ಹಾಕಿ ಹಿಡಿದಿಡಬೇಕು. ಪ್ರಯೋಗಾಲಯ ಶುರುವಾಗೋದು ಕೆರೆ ಏರಿ ಮೇಲೆ ಅನ್ನೋದು ನಮಗೆ ಆಗ ಅರ್ಥವಾಯ್ತು.

ಅಜ್ಜಿಯ ಪ್ರಶ್ನೆ ಸಣ್ಣದಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಅಂತರ್ಜಲದ ಫ್ಲೋರೈಡ್ ಎಷ್ಟೋ ಜನರ ಹಲ್ಲು, ಮೂಳೆ ಹಾಳುಮಾಡಿದೆ. ಕುಡಿಯುವ ನೀರಿನ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5; ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು ಅನ್ನುತ್ತೆ ಭಾರತೀಯ ಮಾನಕ. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು. ಅಳೆದು ಹೇಳೋಕೆ ಮಾತ್ರ ಆಗಲಿಲ್ಲ.

ಹೀಗೇ ಆಗಬೇಕು ಅಂತೇನಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಬಂಡೀಪುರದ ಕಾಡಿನ ಮೂಲೆಹೊಳೆಯಲ್ಲಿ 2003ರಿಂದ ಮಳೆ, ಹಳ್ಳ, ಮಣ್ಣು, ಅಂತರ್ಜಲ ಅಳೆಯುತ್ತಾ ಬಂದಿದ್ದಾರೆ. ಪಕ್ಕದ ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯಲ್ಲಿ ರೈತರ ಹೊಲಗಳ ನಡುವೆಯೂ ಇದೇ ಕೆಲಸ. ಹೊಲಕ್ಕೆ ಹಾಕಿದ ಗೊಬ್ಬರ ಬೋರ್‌ವೆಲ್ ನೀರಿಗಿಳಿದು, ಅದೇ ನೀರು ಮತ್ತೆ ಹೊಲಕ್ಕೆ ಬಂದು ನೈಟ್ರೇಟ್ ಹೇಗೆ ಕೂಡುತ್ತಾ ಹೋಗುತ್ತೆ ಅಂತ ಅಲ್ಲಿ ಕಂಡುಕೊಂಡರು. ಅದು ತಿಳಿದದ್ದು ಒಂದು ಬಾಟಲಿಯಿಂದಲ್ಲ, ಎಷ್ಟೋ ಬಾವಿಗಳ ನೀರು ಅಳೆದಿದ್ದರಿಂದ.

ದುಡ್ಡಿಲ್ಲ ಅನ್ನುವವರಿಗೆ ಒಂದು ಮಾತು. ಅಷ್ಟು ದೊಡ್ಡ ಯಂತ್ರ ನಾವು ಕೇಳ್ತಿಲ್ಲ. 105 ಡಿಗ್ರಿಯಲ್ಲಿ ಮಣ್ಣು ಒಣಗಿಸೋ ಓವನ್, 550 ಡಿಗ್ರಿಯಲ್ಲಿ ಸುಟ್ಟು ಅದರ ಸಾವಯವ ಅಂಶ ಅಂದಾಜು ಮಾಡೋ ಮಫಲ್ ಫರ್ನೇಸ್, ಸ್ಪೆಕ್ಟ್ರೋಫೋಟೋಮೀಟರ್ ನಮ್ಮ ಕಾಲೇಜಿನಲ್ಲೇ ಇವೆ. ಒಂದೊಂದು ಒಂದೊಂದು ವಿಭಾಗದಲ್ಲಿ, ಒಂದೊಂದು ಬೀಗದೊಳಗೆ. ಬೇಕಾಗಿರೋದು ಸ್ವಲ್ಪ ಕೆಮಿಕಲ್, ಒಂದು ಐಸ್ ಬಾಕ್ಸ್, ಉಪಕರಣ ಗೊತ್ತಿರೋ ಒಬ್ಬ ಕಾಯಂ ಟೆಕ್ನಿಷಿಯನ್, ಎಲ್ಲರೂ ಬರೆಯುವ ಒಂದು ಲಾಗ್‌ಬುಕ್.

ವಿದ್ಯಾರ್ಥಿಗಳ ಲೆಕ್ಕವನ್ನು ಯಾರು ನಂಬ್ತಾರೆ? ನ್ಯಾಯವಾದ ಪ್ರಶ್ನೆ. ನಾವು ಸರ್ಟಿಫಿಕೇಟ್ ಕೊಡಲ್ಲ. ಸಾಂದ್ರತೆ ಗೊತ್ತಿರೋ ದ್ರಾವಣದ ಜೊತೆ ಹೋಲಿಸಿಯೇ ಅಳೀತೀವಿ, ಅನುಮಾನ ಬಂದ ನೀರನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸ್ತೀವಿ.

ತೋಟಕ್ಕೆ ಕೆರೆಗೋಡು ಹೊಡೆಯೋ ನಮ್ಮ ಕಡೆ ರೈತರಿಗೆ ಕೆರೆಯ ಸಾರ ಹೊಲಕ್ಕೆ ವಾಪಸ್ ಬರಬೇಕು ಅನ್ನೋದು ಮೊದಲಿಂದಲೂ ಗೊತ್ತು. ಆ ಗೋಡಿನಲ್ಲಿ ಏನೆಷ್ಟಿದೆ ಅಂತ ಅಳೆದು ಹೇಳೋದಷ್ಟೇ ನಮ್ಮ ಪಾಲಿನ ಕೆಲಸ.

ತಿಂಗಳಿಗೊಂದು ಶನಿವಾರ ಲ್ಯಾಬ್ ತೆಗೆದುಕೊಡಿ ಅಂತ ಅರ್ಜಿ ಬರೆದಿದ್ದೀವಿ. ಸಹಿ ಹಾಕೋರು ಕನ್ನಡ ಸಂಘದ ಕೋಣೆಗೆ ಬನ್ನಿ. ಅಜ್ಜಿ ಇನ್ನೂ ಅದೇ ನೀರು ಕುಡೀತಿದ್ದಾರೆ.