ಸಂಸಾರದ ಮಾತು: ಇಬ್ಬರೇ ಹೊರಟ ಪ್ರವಾಸ



ಹೋದ ತಿಂಗಳು ವಾಚಕ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದರು. ಅವರ ಯಜಮಾನರಿಗೆ ಕೆಲಸದಿಂದ ವಿಶ್ರಾಂತಿ ದೊರೆತಿದೆ, ಮಕ್ಕಳು ದೂರದೇಶದಲ್ಲಿದ್ದಾರೆ. “ಈ ವಯಸ್ಸಿನಲ್ಲಿ ಗಂಡಹೆಂಡಿರಿಬ್ಬರೇ ಊರು ನೋಡಲು ಹೊರಡುವುದು ನಗೆಗೇಡಲ್ಲವೆ? ಹೊರಟರೂ ಅಷ್ಟು ದಿನ ಇಬ್ಬರೇ ಏನನ್ನು ಮಾತನಾಡುವುದು?” ಎಂದು ಅವರು ಕೇಳಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದನ್ನು ಓದಿದಾಗ ಮಾತ್ರ ನಾವು ಕಾಗದವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಯಾತಕ್ಕೆಂದರೆ ಅದು ನಮ್ಮ ಮನೆಯ ಪ್ರಶ್ನೆಯೂ ಆಗಿದ್ದಿತು.

ನಮ್ಮ ಯಜಮಾನರು ನಿವೃತ್ತರಾಗಿ ವರ್ಷವೊಂದು ಕಳೆದಿದೆ. ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ನಾವಿಬ್ಬರೂ ಆಡಿದ ಮಾತಿಗೆ ಲೆಕ್ಕವಿಲ್ಲವೇನೋ ನಿಜ; ಆದರೆ ಅದೆಲ್ಲವೂ ಮಕ್ಕಳ ಶುಲ್ಕ, ಅತ್ತೆಯವರ ಔಷಧ, ಮದುವೆ ಮುಂಜಿಗಳ ಖರ್ಚು, ಮನೆ ಕಟ್ಟಿಸಿದ ಸಾಲ ಇವುಗಳ ಮಾತು. ಅತ್ತೆಯವರು ತೀರಿಕೊಂಡರು, ಸಾಲ ತೀರಿತು, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದರು. ಅವರು ಮನೆಯಲ್ಲಿಯೇ ಇರತೊಡಗಿದ ಎರಡು ತಿಂಗಳಿನೊಳಗಾಗಿ, ನಮ್ಮಿಬ್ಬರ ನಡುವೆ ಆಡಲು ಬೇರೆ ಮಾತೇ ಉಳಿದಿಲ್ಲವೆಂಬುದು ಇಬ್ಬರಿಗೂ ತಿಳಿದುಹೋಯಿತು. ಅವರು ವರ್ತಮಾನಪತ್ರಿಕೆಯನ್ನು ಎರಡು ಸಲ ಓದುವರು. ನಾವು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವೆವು. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ. ಈ ಸ್ಥಿತಿಯಲ್ಲಿ ಮಗಳು ದೂರದಿಂದ ಮಾತನಾಡುತ್ತ, “ಒಂದು ವಾರ ಎಲ್ಲಿಗಾದರೂ ಹೋಗಿ ಬನ್ನಿ, ಅಮ್ಮ” ಎಂದಳು. ಜನವರಿ ತಿಂಗಳಲ್ಲಿ, ನಮ್ಮ ಹಳೆಯ ಮೋಟಾರಿನಲ್ಲಿಯೇ ಹೊರಟೆವು.

ಹೊರಡುವ ಮುನ್ನ ಯಜಮಾನರು ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಆರು ದಿನ, ಹದಿನೇಳು ಸ್ಥಳ. ಪ್ರತಿಯೊಂದಕ್ಕೂ ತಲಪುವ ವೇಳೆ, ಬಿಡುವ ವೇಳೆ. ನಾವು ಆಕ್ಷೇಪಿಸಿದ ಮೇಲೆ ಒಂದು ರಾಜಿಯಾಯಿತು: ಮೊದಲ ಮೂರು ದಿನ ಮಂಗಳೂರಿನಲ್ಲಿ ಒಂದೇ ಕಡೆ ಬಿಡಾರ, ಅನಂತರ ಮೂರು ದಿನ ಕಡಲ ತೀರವನ್ನು ಹಿಡಿದು ಕಾರವಾರದವರೆಗೆ, ಸುಮಾರು 270 ಕಿಲೋಮೀಟರುಗಳ ದಾರಿ. ಮೈಸೂರಿನಿಂದ ಮಡಿಕೇರಿ, ಸಂಪಾಜೆಯ ಘಟ್ಟ, ಸುಳ್ಯಗಳ ಮಾರ್ಗವಾಗಿ ಸಂಜೆಗೆ ಮೊದಲೇ ಮಂಗಳೂರನ್ನು ಸೇರಿದೆವು.

ಮಾರನೆಯ ದಿನ ಬೆಳಿಗ್ಗೆ, ಇಳಿದುಕೊಂಡಿದ್ದ ವಸತಿಗೃಹದ ಊಟದ ಕೋಣೆಯಲ್ಲಿ ಹುಡುಗನೊಬ್ಬನು ಬಂದು, “ಅಮ್ಮನವರಿಗೆ ಏನು ತರಲಿ?” ಎಂದು ಕೇಳಿದನು. ನಮಗೆ ಬಾಯಿ ಕಟ್ಟಿತು. ಮನೆಯಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುವವರು ನಾವೇ ಹೊರತು, ನಮ್ಮನ್ನು ಯಾರೂ ಕೇಳಿದ್ದಿಲ್ಲ. ಅಷ್ಟರಲ್ಲಿ ಯಜಮಾನರು, “ಇವಳಿಗೆ ಇಡ್ಲಿ ಸಾಕು, ಅದೇ ಇಷ್ಟ” ಎಂದರು. ಸೋದರಿಯರೇ, ನಮಗೆ ಇಡ್ಲಿ ಎಂದೂ ಅಷ್ಟಾಗಿ ರುಚಿಸಿದ್ದಿಲ್ಲ. ಎಲ್ಲರಿಗೂ ದೋಸೆ ಹುಯ್ದು ಮುಗಿಯುವ ವೇಳೆಗೆ ಹಿಂದಿನ ದಿನದ ಇಡ್ಲಿ ಉಳಿದಿರುತ್ತಿತ್ತು, ಚೆಲ್ಲಲಾರದೆ ತಿನ್ನುತ್ತಿದ್ದೆವು. ಇದನ್ನು ಮೆಲ್ಲಗೆ ಹೇಳಿದಾಗ ಅವರು ನಂಬಲಿಲ್ಲ. ನಂಬಿದ ಮೇಲೆ ಅವರ ಮುಖ ಸಣ್ಣದಾಯಿತು. “ಮತ್ತೆ ನಿನಗೆ ಇಷ್ಟವೇನು?” ಎಂದರು. ಅದಕ್ಕೂ ಉತ್ತರ ಹೊಳೆಯಲಿಲ್ಲ. ಆದುದರಿಂದ ಆ ಮೂರು ದಿನಗಳಲ್ಲಿ ನೀರುದೋಸೆ, ಬಾಳೆಹಣ್ಣು ಸೇರಿಸಿ ಕರಿದ ಬನ್ಸು, ಗೋಳಿಬಜೆ ಎಲ್ಲವನ್ನೂ ರುಚಿ ನೋಡಿದೆವು. ಗೋಳಿಬಜೆಯೆಂದು ತೀರ್ಮಾನವಾಯಿತು.

ಪಟ್ಟಣದಲ್ಲಿ ನೋಡತಕ್ಕ ಸ್ಥಳಗಳಿಗೆ ಕಡಮೆಯಿಲ್ಲ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ತುಂಬಿರುವ ಚಿತ್ರಗಳನ್ನು ಇಟಲಿಯವರಾದ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಸೋದರರು 1899ರಿಂದ ಸುಮಾರು ಎರಡು ವರ್ಷಗಳ ಕಾಲ ದುಡಿದು ಬರೆದರು. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಆಳುಪ ಅರಸ ಕುಂದವರ್ಮನ ಕಾಲದ್ದು. ಮಾಸಪತ್ರಿಕೆಯಲ್ಲಿ ಬರೆಯುವ ನಮಗಾದರೋ ಬಾಸೆಲ್ ಮಿಷನ್ನಿನವರ ನೆನಪೇ ಹೆಚ್ಚು. ಹರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಇಲ್ಲಿಯೇ ಕಲ್ಲಚ್ಚಿನಲ್ಲಿ ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಪ್ರಕಟವಾಯಿತು. ಅದೇ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನಮ್ಮ ತವರುಮನೆಯ ಮಾಡಿನ ಮೇಲಿದ್ದುದೂ ಮಂಗಳೂರು ಹಂಚೇ. ನೇತ್ರಾವತಿಯ ದಡದಲ್ಲಿ ನಡೆಯುತ್ತ, ಮಳೆಗಾಲದಲ್ಲಿ ಆ ಹಂಚು ಸೋರಿದಲ್ಲಿ ನಮ್ಮ ತಾಯಿಯವರು ಸಾಲಾಗಿ ಪಾತ್ರೆಗಳನ್ನಿಡುತ್ತಿದ್ದುದನ್ನು ನಾವು ಹೇಳಿದೆವು. ಯಜಮಾನರು ಕೇಳಿದರು, ಅನಂತರ ತಮ್ಮ ಬಾಲ್ಯದ ಒಂದು ಸಂಗತಿಯನ್ನೂ ಹೇಳಿದರು. ಮೂವತ್ತನಾಲ್ಕು ವರ್ಷಗಳಲ್ಲಿ ಅದನ್ನು ನಾವು ಕೇಳಿದ್ದಿಲ್ಲ.

ನಾಲ್ಕನೆಯ ದಿನ ಕಡಲ ದಾರಿ ಹಿಡಿದೆವು. ಈಗ 66ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯುವ ಈ ರಸ್ತೆ ಮಹಾರಾಷ್ಟ್ರದ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಕಟಪಾಡಿಯಲ್ಲಿ ಬಲಕ್ಕೆ ತಿರುಗಿದರೆ ಶಂಕರಪುರ; ಉಡುಪಿ ಮಲ್ಲಿಗೆಯ ತವರು. ಇಲ್ಲಿ ಮನೆಮನೆಯ ಹಿತ್ತಿಲಿನಲ್ಲಿಯೂ ಮಲ್ಲಿಗೆಯ ಗಿಡಗಳಿವೆ. ಬೆಳಗಿನ ಹೊತ್ತು ಹೆಂಗಸರು ಮೊಗ್ಗು ಬಿಡಿಸಿ ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ. ವ್ಯಾಪಾರವು ಮೊಳದ ಲೆಕ್ಕದಲ್ಲಲ್ಲ. ಚೆಂಡು, ಅಟ್ಟೆಗಳ ಲೆಕ್ಕದಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಗೆಲಸವನ್ನು ಬಿಡದೆಯೇ ಹೆಂಗಸರ ಕೈಗೆ ನಾಲ್ಕು ಕಾಸು ಸೇರುವ ಕಸುಬು ಇದು. ಒಂದು ಚೆಂಡು ಕೊಂಡೆವು. ಉಡುಪಿಯಲ್ಲಿ ಕೃಷ್ಣನ ದರ್ಶನವಾಯಿತು. ಮಟ್ಟುಗುಳ್ಳದ ಸಾಂಬಾರಿನ ಊಟವಾಯಿತು. ಕೋಟದ ಬಳಿ ಬಂದಾಗ ಶಿವರಾಮ ಕಾರಂತರು ಹುಟ್ಟಿದುದು ಇದೇ ಊರಿನಲ್ಲಿಯೆಂಬುದನ್ನು ನೆನೆದೆವು. ಅವರ ‘ಮರಳಿ ಮಣ್ಣಿಗೆ’ಯಲ್ಲಿ ಒಂದು ಮನೆತನದ ಮೂರು ತಲೆಮಾರುಗಳ ಕಥೆಯಿದೆ, ಆ ಮನೆಯನ್ನು ಎತ್ತಿ ಹಿಡಿದ ಪಾರೋತಿ, ಸರಸೋತಿಯರ ದುಡಿಮೆಯನ್ನು ಓದಿದವರು ಈ ಮರಳಿನ ಹೊಲಗಳನ್ನು ಸುಮ್ಮನೆ ನೋಡಿ ಮುಂದೆ ಹೋಗಲಾರರು.

ಕುಂದಾಪುರವನ್ನು ದಾಟಿ ಮರವಂತೆಗೆ ಬಂದಾಗ ಗಂಟೆ ಐದಾಗಿದ್ದಿತು. ಇಲ್ಲಿ ಎಡಗಡೆ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಒಂದು ಗಳಿಗೆ ನಿಲ್ಲಿಸಿರೆಂದು ನಾವು ಹೇಳಿದೆವು. ಅವರು ನಿಲ್ಲಿಸಲಿಲ್ಲ. ಮುರುಡೇಶ್ವರಕ್ಕೆ ಆರೂವರೆಗೆ ಸೇರಬೇಕೆಂದು ಪಟ್ಟಿಯಲ್ಲಿದೆಯೆಂದರು. ನಾವು ಮತ್ತೆ ಹೇಳಿದಾಗ, ಎಂದೂ ದನಿಯೆತ್ತದ ಆ ಮನುಷ್ಯರು ಗಟ್ಟಿಯಾಗಿ, “ಕತ್ತಲಾದರೆ ನಡೆಸುವವರು ಯಾರು?” ಎಂದು ಕೂಗಿಬಿಟ್ಟರು. ಮರುಕ್ಷಣದಲ್ಲಿಯೇ ಮೋಟಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು.

ಬಹಳ ಹೊತ್ತಿನ ಮೇಲೆ ಅವರಾಗಿಯೇ ಹೇಳಿದರು. ಒಂದು ವರ್ಷದಿಂದ ರಾತ್ರಿಯ ಹೊತ್ತು ಎದುರಿನ ವಾಹನದ ದೀಪವು ಕಣ್ಣಿಗೆ ಹೊಡೆದರೆ ಅವರಿಗೆ ದಾರಿ ಕಾಣಿಸುವುದಿಲ್ಲ. ದೀಪದ ಸುತ್ತ ಬರಿಯ ಬೆಳ್ಳಗೆ ಹರಡಿಕೊಳ್ಳುತ್ತದೆ. ಕೆಲಸದಿಂದ ಬಿಡುಗಡೆಯಾದವನ ಕಣ್ಣೂ ಹೋಯಿತೆಂದು ಮನೆಯಲ್ಲಿ ತಿಳಿಯಬಾರದೆಂದು ಮುಚ್ಚಿಟ್ಟಿದ್ದರು. ಆ ಪಟ್ಟಿ, ಆ ವೇಳೆ, ಆ ಅವಸರ ಎಲ್ಲವೂ ಕತ್ತಲಾಗುವುದರೊಳಗೆ ನಮ್ಮನ್ನು ಕ್ಷೇಮವಾಗಿ ತಲಪಿಸಬೇಕೆಂಬ ಹೆದರಿಕೆಯಿಂದ ಹುಟ್ಟಿದವು. ನಾವಾದರೋ ಅದನ್ನು ಹಟವೆಂದು ಎಣಿಸಿ, ಮನಸ್ಸಿನಲ್ಲಿಯೇ ನೂರು ಸಲ ದೂರಿದ್ದೆವು. ಅಂದು ಮುರುಡೇಶ್ವರಕ್ಕೆ ಹೋಗಲಿಲ್ಲ. ಸೂರ್ಯನು ಮುಳುಗುವವರೆಗೆ ಅಲ್ಲಿಯೇ ಕುಳಿತಿದ್ದು, ಹತ್ತಿರದ ಒಂದು ಸಣ್ಣ ವಸತಿಯಲ್ಲಿ ರಾತ್ರಿಯನ್ನು ಕಳೆದೆವು.

ಅಲ್ಲಿಂದ ಮುಂದೆ ಪಟ್ಟಿಯನ್ನು ಯಾರೂ ತೆರೆಯಲಿಲ್ಲ. ಭಟ್ಕಳ, ಮುರುಡೇಶ್ವರ, ಹೊನ್ನಾವರದ ಶರಾವತಿಯ ಸೇತುವೆ ಇವುಗಳನ್ನು ಹಗಲಿನಲ್ಲಿ ನೋಡುತ್ತ ಹೋಗಿ, ಕುಮಟೆಯಿಂದಾಚೆ ಅಘನಾಶಿನಿಯ ಹಿನ್ನೀರಿನ ಬಳಿ ಇಳಿದೆವು. ಸಿರಸಿಯ ಸೀಮೆಯಲ್ಲಿ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಕಡಲನ್ನು ಸೇರುವ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಉಪ್ಪುನೀರು ನುಗ್ಗುವ ಇಲ್ಲಿಯ ಗಜನಿ ಭೂಮಿಯಲ್ಲಿ ಬೇರೆ ಬತ್ತ ಬದುಕಲಾರದು. ‘ಕಗ್ಗ’ವೆಂಬ ತಳಿಯೊಂದು ಆ ನೀರನ್ನು ತಾಳಿಕೊಂಡು ಬೆಳೆಯುತ್ತದೆ. ನೀರಿಳಿದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪುಮೀನನ್ನು ಆರಿಸುತ್ತಿದ್ದರು. ಗೋಕರ್ಣಕ್ಕೆ ಹೋಗುವ ಹಾದಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಮಡಿಗಳಿವೆ. ದಿನವೂ ಕೈಯಳತೆಯಲ್ಲಿ ಹಾಕುವ ಉಪ್ಪು ಬಿಸಿಲಿನಲ್ಲಿ ಹರಳುಗಟ್ಟಿ ಗುಡ್ಡೆಯಾಗಿರುವುದನ್ನು ನೋಡಿ, ಇದೇ ಸೀಮೆಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದುದನ್ನು ನೆನೆದೆವು.

ಅಂಕೋಲೆಗೆ ಮೊದಲು ಸಿಗುವ ಶಿರೂರಿನಲ್ಲಿ ಯಜಮಾನರು ಮೋಟಾರಿನ ವೇಗವನ್ನು ತಗ್ಗಿಸಿದರು. 2024ರ ಜುಲೈ 16ರಂದು ಇಲ್ಲಿ ಗುಡ್ಡವು ಕುಸಿದು, ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ರಸ್ತೆಯ ಬದಿಯಲ್ಲಿ ಚಹಾ ಮಾಡಿ ಮಾರುತ್ತಿದ್ದ ಒಂದು ಸಂಸಾರವೂ ಹೋಯಿತು. ಮಾತನಾಡದೆ ಆ ಸ್ಥಳವನ್ನು ದಾಟಿದೆವು. ದಂಪತಿಗಳ ನಡುವೆ ಮೌನವೆಲ್ಲವೂ ಕೊರತೆಯಲ್ಲವೆಂಬುದು ಅಲ್ಲಿ ತಿಳಿಯಿತು.

ಕಾರವಾರದ ಕಡಲ ದಡವು ಬೆಟ್ಟ, ಹೊಳೆ, ಸಮುದ್ರಗಳು ಒಟ್ಟಿಗೆ ಬರುವ ತಾಣ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಇಪ್ಪತ್ತೆರಡು ವರ್ಷದ ರವೀಂದ್ರರು ಬಂದು ತಂಗಿದ್ದು, ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿಯ ಮಮತೆಯು ಮರಳಿ ಲೋಕಕ್ಕೆ ಎಳೆಯುವ ಕಥೆ ಅದು. ಇಲ್ಲಿಂದ ಹಿಂದಿರುಗಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಅವರ ವಿವಾಹವಾಯಿತು.

ಇನ್ನು ಹೊರಡಬೇಕೆನ್ನುವ ದಂಪತಿಗಳಿಗೆ ಕೆಲವು ಮಾತು. ಒಂದನೆಯದಾಗಿ, ಪಟ್ಟಣದ ವಾಸ್ತವ್ಯವನ್ನು ಮೊದಲು ಇಟ್ಟುಕೊಳ್ಳತಕ್ಕದ್ದು. ದಿನವೂ ಗಂಟುಮೂಟೆ ಕಟ್ಟುವ ಕಷ್ಟ ತಪ್ಪಿ ದೇಹಕ್ಕೂ ಮನಸ್ಸಿಗೂ ಹದ ಬರುತ್ತದೆ. ಎರಡನೆಯದಾಗಿ, ದಿನಕ್ಕೆ ಎರಡಕ್ಕಿಂತ ಹೆಚ್ಚು ಸ್ಥಳಗಳು ಬೇಡ. ಒಂದನ್ನು ಅವರು ಆರಿಸಲಿ, ಒಂದನ್ನು ನೀವು ಆರಿಸಿರಿ. ಮೂರನೆಯದಾಗಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಮಳೆ ಬಿರುಸಾದುದು. ಗುಡ್ಡ ಕಡಿದು ಮಾಡಿದ ರಸ್ತೆಗಳಲ್ಲಿ ಆ ಕಾಲದ ಪ್ರಯಾಣ ಸಲ್ಲದು. ನಾಲ್ಕನೆಯದಾಗಿ, ದೀಪ ಹಚ್ಚುವ ಹೊತ್ತಿಗೆ ವಾಹನ ನಿಂತಿರಬೇಕು. ಐದನೆಯದು ಎಲ್ಲಕ್ಕಿಂತ ಮುಖ್ಯ: ಐವತ್ತೈದು ದಾಟಿದವರು ದೂರ ಹೊರಡುವ ಮುನ್ನ ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಲಿ. ಊರಿಗೆ ಬಂದ ವಾರದಲ್ಲಿಯೇ ವೈದ್ಯರು ನೋಡಿ, ಯಜಮಾನರ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿದೆಯೆಂದರು. ಒಂದು ಕಣ್ಣಿಗೆ ಶಸ್ತ್ರಕ್ರಿಯೆಯಾಗಿದೆ. ಇನ್ನೊಂದು ಮುಂದಿನ ತಿಂಗಳು. ಈ ನಡುವೆ ನಾವೂ ಮೋಟಾರು ನಡೆಸುವುದನ್ನು ಕಲಿಯುತ್ತಿದ್ದೇವೆ. ಕಲಿಸುವವರು ಅವರೇ, ದನಿ ಎತ್ತರವಾಗುವುದುಂಟು.

ಕಾಗದ ಬರೆದ ಸೋದರಿಗೆ ನಮ್ಮ ಉತ್ತರವಿಷ್ಟೆ. ಏನನ್ನು ಮಾತನಾಡುವುದೆಂದು ಮೊದಲೇ ಚಿಂತಿಸಬೇಡಿರಿ. ಮನೆಯ ಗೋಡೆಗಳ ನಡುವೆ ಆಡಲಾರದ ಮಾತು ಎಷ್ಟೋ ಇರುತ್ತದೆ. ಬಲು ಸಣ್ಣದು, ಬಲು ಹಳೆಯದು. ನಿಮ್ಮವರು ಏನನ್ನು ಬಚ್ಚಿಟ್ಟಿದ್ದಾರೆಯೋ ನಾವರಿಯೆವು. ನೀವು ಏನನ್ನು ಬಚ್ಚಿಟ್ಟಿದ್ದೀರೋ ಅದೂ ಅವರಿಗೆ ತಿಳಿಯದು. ಊರಿನವರು ನಗುವರೆಂದು ಹೆದರಬೇಡಿರಿ. ಮಳೆ ಕಳೆದ ಮೇಲೆ ಹೊರಡಿರಿ. ಹೋಗಿ ಬಂದು ನಮಗೊಂದು ಕಾಗದ ಬರೆಯಿರಿ.