ವೋಟು ಒಡೆದವರು ಯಾರು?

ಚುನಾವಣೆಯಲ್ಲಿ ಸೋತವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಗೆದ್ದವನನ್ನು ಬಿಟ್ಟು, ಮೂರನೆಯವನಿಗೆ ವೋಟು ಹಾಕಿದ ಸಾಮಾನ್ಯ ಮತದಾರನ ಮೇಲೆ ತಿರುಗುವುದನ್ನು ನಾನು ಅಮೆರಿಕದಲ್ಲಿ ಎರಡೂವರೆ ದಶಕದಿಂದ ನೋಡುತ್ತಾ ಬಂದಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವೈದ್ಯವನ್ನು ಅರಿಯದವರು ಮಾಡಿದರೆ ಸುಮ್ಮನಿರಬಹುದಿತ್ತು. ಓದಿದವರು, ಪ್ರಜಾಪ್ರಭುತ್ವದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವರೇ ಮಾಡುತ್ತಾರಾದ್ದರಿಂದ ಈ ನಾಲ್ಕು ಮಾತು ಬರೆಯಬೇಕಾಗಿದೆ.

2000ದ ಅಧ್ಯಕ್ಷೀಯ ಚುನಾವಣೆಯ ವಿಷಯ ತೆಗೆದುಕೊಳ್ಳಿ. ಡೆಮಾಕ್ರಟಿಕ್ ಪಕ್ಷದಿಂದ ಅಲ್ ಗೋರ್, ರಿಪಬ್ಲಿಕನ್ ಪಕ್ಷದಿಂದ ಜಾರ್ಜ್ ಬುಷ್, ಗ್ರೀನ್ ಪಕ್ಷದಿಂದ ರಾಲ್ಫ್ ನೇಡರ್ ನಿಂತಿದ್ದರು. ನೇಡರ್ ಎಂದರೆ 1960ರ ದಶಕದಲ್ಲಿ ದೊಡ್ಡ ದೊಡ್ಡ ಮೋಟಾರು ಕಂಪನಿಗಳನ್ನು ಎದುರು ಹಾಕಿಕೊಂಡು, ಕಾರುಗಳ ಸುರಕ್ಷತೆಗೆ ಕಾನೂನು ಬರಲು ಕಾರಣನಾದ ಮನುಷ್ಯ. ಮತದಾನಕ್ಕೆ ಕೆಲವೇ ದಿನ ಮೊದಲು ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಊಟದಲ್ಲಿ ಚರ್ಚೆ ಕಾವೇರಿತ್ತು. ಒಬ್ಬರಿಗೆ ಎಂಟು ವರ್ಷ ಉದ್ಯೋಗ ಕೊಟ್ಟ ಪಕ್ಷವೇ ಮುಂದುವರಿಯಬೇಕು. ಅಂಗಡಿ ಇಟ್ಟುಕೊಂಡಿದ್ದ ಇನ್ನೊಬ್ಬರಿಗೆ ತೆರಿಗೆ ಇಳಿಯಬೇಕು. ಹಿರಿಯ ಹೆಂಗಸೊಬ್ಬರು, “ಇಬ್ಬರೂ ಅವೇ ಕಂಪನಿಗಳ ಹತ್ರ ದುಡ್ಡು ತಗೊಳ್ಳೋರು ಅಲ್ವೇನ್ರೀ? ಕಾಯಿಲೆ ಬಿದ್ದರೆ ಮನೆ ಮಾರೋ ಹಾಗಾಗಿದೆ, ಅದರ ಮಾತು ನೇಡರ್ ಒಬ್ಬನೇ ಗಟ್ಟಿಯಾಗಿ ಆಡ್ತಿರೋದು” ಎಂದರು. ಒಳ್ಳೆಯ ಮಾತುಗಳೇ. ಯಾರು ಯಾಕೆ ಬೇಕು ಎಂದು ಜನ ತಮ್ಮ ಬದುಕಿನಿಂದಲೇ ಕಾರಣ ತೆಗೆದು ವಾದಿಸುತ್ತಿದ್ದರು. ಅಷ್ಟರಲ್ಲಿ ಯಾರೋ, “ಅವನಿಗೆ ಹಾಕಿ ವೋಟು ಹಾಳು ಮಾಡಬೇಡಿ ಅಮ್ಮಾ” ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಆಸ್ಪತ್ರೆ ಖರ್ಚು, ತೆರಿಗೆ, ಕೂಲಿ ಎಲ್ಲ ಹಿಂದೆ ಬಿದ್ದು ಬರೀ ಲೆಕ್ಕಾಚಾರ ಉಳಿಯಿತು. ಈ “ಹಾಳು” ಎಂಬ ಮಾತಿನ ಮೇಲೆ ನನ್ನ ಮೊದಲ ತಕರಾರು ಇದೇ: ಯಾರು ಯೋಗ್ಯರು ಎಂಬ ಪ್ರಶ್ನೆಯನ್ನೇ ಅದು ನುಂಗಿಬಿಡುತ್ತದೆ.

ನಾನು ನೇಡರ್‌ಗೇ ಹಾಕಿದೆ. ಫ್ಲಾರಿಡಾದಲ್ಲಿದ್ದ ನನ್ನ ಗೆಳೆಯನೂ ಅವನಿಗೇ ಹಾಕಿದ. ನ್ಯೂಜೆರ್ಸಿಯಲ್ಲಿ ಗೋರ್ ಸುಮಾರು 5 ಲಕ್ಷ ಮತಗಳಿಂದ ಗೆದ್ದದ್ದರಿಂದ ನನ್ನ ವೋಟು ಜನರಿಗೆ ತಮಾಷೆಯಾಯಿತು. ಫ್ಲಾರಿಡಾದಲ್ಲಿ ಬುಷ್ 537 ಮತಗಳಿಂದ ಗೆದ್ದದ್ದರಿಂದ, ಅಲ್ಲಿ ನೇಡರ್‌ಗೆ ಬಿದ್ದ 97,488 ಮತಗಳು ಮಹಾಪಾಪವಾದವು. ಒಂದೇ ವೋಟು ಗಡಿಯ ಈಚೆ ತಮಾಷೆ, ಆಚೆ ಅಪರಾಧ! ಅಮೆರಿಕದ ಅಧ್ಯಕ್ಷನನ್ನು ಆರಿಸುವುದು ರಾಜ್ಯವಾರು ಇಲೆಕ್ಟರುಗಳು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ಒಂದು ಮತ ಹೆಚ್ಚು ಬಂದವನಿಗೆ ಅಷ್ಟೂ ಇಲೆಕ್ಟರುಗಳು ಸಲ್ಲುತ್ತಾರೆ. ಫ್ಲಾರಿಡಾದ 25 ಮಂದಿ ಹಾಗೆಯೇ ಬುಷ್ ಪಾಲಾದರು. ದೇಶದಲ್ಲೆಲ್ಲ ಸೇರಿ ಗೋರ್‌ಗೆ 5 ಲಕ್ಷಕ್ಕೂ ಹೆಚ್ಚು ಮತಗಳು ಜಾಸ್ತಿ ಬಂದಿದ್ದವು. ಆದರೂ 271ಕ್ಕೆ 266ರಂತೆ ಸೋತರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಮರು ಎಣಿಕೆಯನ್ನು ನಿಲ್ಲಿಸಿತು. ಇಷ್ಟೆಲ್ಲದರ ನಡುವೆ ಜನರ ಕಣ್ಣಿಗೆ ಬಿದ್ದ ಅಪರಾಧಿ ಯಾರು? ನನ್ನ ಗೆಳೆಯ.

ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸಿಯನ್ನೇ ಕಳೆದುಕೊಂಡಿದ್ದರು. ಅಲ್ಲಿನ 11 ಇಲೆಕ್ಟರುಗಳು ಸಿಕ್ಕಿದ್ದರೆ ಫ್ಲಾರಿಡಾದ ಗೊಡವೆಯೇ ಬೇಕಿರಲಿಲ್ಲ. ದೇಶದಲ್ಲಿ ವಯಸ್ಕರ ಪೈಕಿ ಅರ್ಧದ ಹತ್ತಿರ ಜನ ಮತಗಟ್ಟೆಗೇ ಹೋಗಿರಲಿಲ್ಲ. ಮನೆಯಲ್ಲಿ ಮಲಗಿದವನಿಗೆ ಒಂದು ಮಾತೂ ಇಲ್ಲ. ಎದ್ದು ಹೋಗಿ, ಸಾಲಿನಲ್ಲಿ ನಿಂತು, ಯೋಚಿಸಿ ವೋಟು ಹಾಕಿದವನಿಗೆ ಬೈಗುಳ. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ, “ಆ ಸಾವುಗಳ ಪಾಪವೆಲ್ಲ ನಿನ್ನ ತಲೆಗೇ” ಎಂದು ಅವನಿಗೆ ಹೇಳಿದವರುಂಟು. ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ 2002ರ ಅಕ್ಟೋಬರಿನಲ್ಲಿ ಸೆನೆಟ್ಟಿನ 50 ಡೆಮಾಕ್ರಟರಲ್ಲಿ 29 ಮಂದಿ ಹೂಂ ಎಂದಿದ್ದರು. ಅವರ ತಲೆಗೆ ಎಷ್ಟು ಪಾಲು ಎಂದು ಆ ಜನ ಲೆಕ್ಕ ಹಾಕಿದ್ದನ್ನು ನಾನು ಕೇಳಲಿಲ್ಲ.

ನಮ್ಮ ಕಡೆ ಇದಕ್ಕೆ “ವೋಟು ಒಡೆಯುವುದು” ಎನ್ನುತ್ತಾರೆ. ಸ್ವಲ್ಪ ಯೋಚಿಸಿ. ಒಡೆಯಬೇಕಾದರೆ ಮೊದಲು ಅದೊಂದು ಮಡಕೆಯಾಗಿ ಯಾರದ್ದಾದರೂ ಮನೆಯಲ್ಲಿ ಇರಬೇಕು. ನನ್ನ ವೋಟು ಯಾವ ಪಕ್ಷದ ಅಡುಗೆಮನೆಯಲ್ಲಿತ್ತು? ಅದನ್ನು ಕೇಳಿ ಪಡೆಯಬೇಕಾದವರು, ಕೇಳುವ ಮೊದಲೇ ತಮ್ಮ ಸ್ವತ್ತೆಂದು ಬರೆದಿಟ್ಟುಕೊಂಡು, ಸಿಗದಿದ್ದಾಗ ಕಳವಾಯಿತೆಂದು ಕೂಗುವುದು ಯಜಮಾನಿಕೆಯ ಮಾತೇ ಹೊರತು ಪ್ರಜಾಪ್ರಭುತ್ವದ ಮಾತಲ್ಲ.

ಇದಕ್ಕೆ ಒಂದು ಗಟ್ಟಿಯಾದ ಉತ್ತರವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. “ನಿಮ್ಮ ಮನಸ್ಸಾಕ್ಷಿ ಚೊಕ್ಕಟವಾಗಿರಲಿ ಎಂದು ನೀವು ವೋಟು ಹಾಕುತ್ತೀರಿ. ಕೆಟ್ಟವನು ಗೆದ್ದರೆ ಪೆಟ್ಟು ತಿನ್ನುವವರು ಬಡವರು, ವಲಸೆ ಬಂದವರು. ಎರಡು ಕೆಡುಕಿನಲ್ಲಿ ಚಿಕ್ಕದನ್ನು ಆರಿಸುವುದೇ ಹೊಣೆಗಾರಿಕೆ” ಎಂಬುದು ಆ ಉತ್ತರ. ಮಾತು ಸುಳ್ಳಲ್ಲ. ಹಾಗೆ ಯೋಚಿಸಿ ಗೋರ್‌ಗೆ ವೋಟು ಹಾಕಿದವರನ್ನು ನಾನು ಗೌರವಿಸುತ್ತೇನೆ. ಆದರೆ ಅದು ಮತದಾರ ತನಗೆ ತಾನು ಹೇಳಿಕೊಳ್ಳಬೇಕಾದ ಮಾತು. ಪಕ್ಷಗಳು ಅದನ್ನು ಹಿಡಿದು ಮತದಾರನನ್ನು ಹೆದರಿಸತೊಡಗಿದರೆ, ಚಿಕ್ಕ ಕೆಡುಕಿಗೆ ಒಳ್ಳೆಯದಾಗುವ ಅಗತ್ಯವೇ ಉಳಿಯುವುದಿಲ್ಲ; ದೊಡ್ಡ ಕೆಡುಕಿಗಿಂತ ಒಂದು ಅಂಗುಲ ಗಿಡ್ಡವಿದ್ದರೆ ಸಾಕು.

ಅತ್ತ ದರಿ, ಇತ್ತ ಪುಲಿ ಎಂಬ ಈ ಸಂಕಟ ದೈವ ತಂದದ್ದೇನೂ ಅಲ್ಲ, ಎಣಿಸುವ ಕ್ರಮ ತಂದದ್ದು. ಐರ್ಲೆಂಡಿನಲ್ಲಿ ಮತದಾರ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುತ್ತಾನೆ. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಗಳನ್ನು ಆ ಮತದಾರರ ಎರಡನೆಯ ಆಯ್ಕೆಗೆ ಸೇರಿಸುತ್ತಾರೆ. 1990ರಲ್ಲಿ ಮೊದಲ ಎಣಿಕೆಯಲ್ಲಿ ಹಿಂದಿದ್ದ ಮೇರಿ ರಾಬಿನ್ಸನ್ ಹೀಗೆಯೇ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅಲ್ಲಿ ಮೂರನೆಯವನಿಗೆ ಹಾಕಿದವರನ್ನು ಯಾರೂ ಬೈಯಬೇಕಾಗಲಿಲ್ಲ. ಅಷ್ಟು ದೂರ ಏಕೆ? ನಾನು ಹುಟ್ಟಿದ ದೇಶದಲ್ಲಿ ರಾಷ್ಟ್ರಪತಿಯ ಆಯ್ಕೆ ನಡೆಯುವುದೂ ಹೀಗೆಯೇ. 1969ರಲ್ಲಿ ವಿ. ವಿ. ಗಿರಿಯವರು ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದ್ದು ಎರಡನೆಯ ಪ್ರಾಶಸ್ತ್ಯದ ಮತಗಳ ಬಲದಿಂದ. ಸಂಸದರಿಗೂ ಶಾಸಕರಿಗೂ ಇಂಥ ಸೌಕರ್ಯ ಕೊಟ್ಟ ನಾವು, ಲೋಕಸಭೆಗೆ ವೋಟು ಹಾಕುವ ಸಾಮಾನ್ಯನಿಗೆ ಮಾತ್ರ ಕೊಡಲಿಲ್ಲ ಎಂಬುದೂ ನೆನಪಿನಲ್ಲಿರಲಿ.

ಅಮೆರಿಕದಲ್ಲಿ ಅಧ್ಯಕ್ಷನ ಚುನಾವಣೆಗೆ ಈ ಕ್ರಮವನ್ನು ಮೊದಲು ಬಳಸಿದ್ದು 2020ರಲ್ಲಿ, ಮೇನ್ ರಾಜ್ಯ. 2024ರಲ್ಲಿ ಕೊಲೊರಾಡೊ, ನೆವಾಡ, ಐಡಹೊ, ಆರೆಗಾನ್ ರಾಜ್ಯಗಳಲ್ಲಿ ಇದು ಜನಮತಕ್ಕೆ ಬಂದಾಗ ಜನರೇ ಬೇಡವೆಂದರು. ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ಅವರ ವೋಟೂ ಅವರದೇ. ಆದರೆ ಬೈಗುಳ ಮಾತ್ರ ಅದೇ ವರ್ಷ ಮತ್ತೆ ಕೇಳಿಸಿತು. ಗಾಜಾದ ಯುದ್ಧದ ಸಂಕಟದಲ್ಲಿ ಮಿಶಿಗನ್ನಿನ ಅರಬ್ ಮೂಲದ ಅನೇಕರು ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ವೋಟು ಹಾಕಿದರು. ಟ್ರಂಪ್ ಅಲ್ಲಿ ಗೆದ್ದದ್ದು ಸುಮಾರು 80 ಸಾವಿರ ಮತಗಳಿಂದ. ಸ್ಟೈನ್‌ಗೆ ಬಿದ್ದದ್ದು 45 ಸಾವಿರದೊಳಗೆ. ಅಷ್ಟನ್ನೂ ಕಮಲಾ ಹ್ಯಾರಿಸ್‌ಗೆ ಸುರಿದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೂ ತಮ್ಮವರನ್ನು ಮಣ್ಣು ಮಾಡಿ ಬಂದ ಜನರಿಗೆ, “ಅನುಭವಿಸಿ” ಎಂದವರಿದ್ದರು.

ನನ್ನ ವೋಟನ್ನು ಹಾಳಾದದ್ದೆಂದು ಕರೆಯುವವರಿಗೆ ನನ್ನದೊಂದೇ ಪ್ರಶ್ನೆ. 537 ಮತಗಳು ಕಲಿಸಿದ ಪಾಠಕ್ಕೆ ಇಷ್ಟು ವರ್ಷವಾಯಿತು. ಒಬ್ಬನಿಗೆ ವೋಟು ಹಾಕಿದರೆ ಇನ್ನೊಬ್ಬನಿಗೆ ಲಾಭವಾಗುವಂಥ ಈ ಎಣಿಕೆಯನ್ನು ಬದಲಿಸಲು ನಿಮ್ಮ ಪಕ್ಷ ಎಷ್ಟು ಸಭೆ ಕರೆಯಿತು, ಎಷ್ಟು ಮನೆ ಬಾಗಿಲು ತಟ್ಟಿತು? ಅದನ್ನು ಮೊದಲು ಹೇಳಿ. ಆಮೇಲೆ ನನ್ನ ಗೆಳೆಯನನ್ನು ಬೈಯಿರಿ.